ನಿನ್ನಿ ಮಾಸ್ತರು

ಇಂಡಿ ಊರಿನ ಜನ ಅವರಿಗೆ ಇಟ್ಟ ಹೆಸರು ನಿನ್ನಿ ಮಾಸ್ತರು. ತಂದೆ ತಾಯಿ ಇಟ್ಟ ಹೆಸರೂ ನನಗೆ ಗೊತ್ತಿದೆ, ಆದರೆ ಇಲ್ಲಿ ಬರೆಯುವುದಿಲ್ಲ. ಶಾಲೆಯ ಗ್ಯಾದರಿಂಗಿನ ಆಮಂತ್ರಣ ಪತ್ರಿಕೆಯಲ್ಲಿ ತಮ್ಮ ಹೆಸರಿನ ಪಕ್ಕದಲ್ಲಿ ‘ಇಂಗ್ಲಿಷ್ ಪಂಡಿತರು’ ಎಂದು ಅಚ್ಚಾದದ್ದನ್ನು ನೋಡಿ, ಆ ದಿನ ಗ್ಯಾದರಿಂಗಿಗೇ ಬರದೆ ಮನೆಯಲ್ಲಿ ಕುಳಿತ ಮನುಷ್ಯ ಅವರು. ಈಗ ತೀರಿಹೋಗಿದ್ದಾರೆ ನಿಜ. ಹಾಗೆಂದು ಹೆಸರು ಹಾಕಿ ಹೊಗಳುವ ಧೈರ್ಯ ನನಗಿಲ್ಲ.

ಹೋದ ತಿಂಗಳು ತಮ್ಮ ಸ್ವಂತ ಊರಾದ ಇಂಗಳೇಶ್ವರದಲ್ಲಿ, ತೊಂಬತ್ತರ ಹತ್ತಿರಕ್ಕೆ ಬಂದು ಹೋದರು. ಬಸವನ ಬಾಗೇವಾಡಿಯಲ್ಲಿ ಹಳೆಯ ವಿದ್ಯಾರ್ಥಿಗಳು ಸೇರಿ ಒಂದು ಸಭೆ ಇಟ್ಟಿದ್ದರು, ನಾನೂ ಹೋಗಿದ್ದೆ. ವಕೀಲರು ಬಂದಿದ್ದರು, ಡಾಕ್ಟರು ಬಂದಿದ್ದರು, ರಿಟೈರ್ ಆದ ತಹಶೀಲ್ದಾರರೊಬ್ಬರು ಕೋಲೂರಿಕೊಂಡು ಬಂದಿದ್ದರು. ಎಲ್ಲರೂ ಸರದಿಯಂತೆ ಎದ್ದು, ಅವರು ಕಲಿಸಿದ ಇಂಗ್ಲಿಷಿನಿಂದ ತಾವು ಹೇಗೆ ಮೇಲೆ ಬಂದೆವು ಎಂದು ಹೇಳಿದರು. ನನಗೂ ಹೇಳಿ ಅಂದರು, ನಾನು ಕೈ ಮುಗಿದು ಕುಳಿತುಬಿಟ್ಟೆ. ಮೂವತ್ತು ವರ್ಷ ಮಕ್ಕಳ ಮುಂದೆ ಗಂಟಲು ಹರಿದುಕೊಂಡ ಹೆಡ್‌ಮಾಸ್ತರಿಣಿಗೆ ಮಾತು ಬರಲಿಲ್ಲವೆಂದಲ್ಲ. ನನ್ನ ಮಾತು ಐದು ನಿಮಿಷದಲ್ಲಿ ಮುಗಿಯುವಂಥದ್ದಾಗಿರಲಿಲ್ಲ. ಅದಕ್ಕೇ ಮನೆಗೆ ಬಂದು ಬರೆಯಲು ಕುಳಿತಿದ್ದೇನೆ.

ನೋಡಲಿಕ್ಕೆ ಅವರಲ್ಲಿ ಏನೂ ವಿಶೇಷವಿರಲಿಲ್ಲ. ಬಿಳಿ ಪಾಯಜಾಮ, ಬಿಳಿ ಅಂಗಿ, ಎಡತೋಳು ಮಾತ್ರ ಮೊಣಕೈತನಕ ಮಡಚಿದ್ದು. ಬಲತೋಳು ಯಾಕೆ ಮಡಚುವುದಿಲ್ಲ ಎಂದು ಯಾರೋ ಕೇಳಿದ್ದಕ್ಕೆ, “ಎರಡೂ ಮಡಚಿದ್ರ ಜಗಳಕ್ಕ ಬಂದಂಗ ಕಾಣತೈತಿ” ಅಂದಿದ್ದರಂತೆ. ಜೇಬಿನಲ್ಲಿ ಲವಂಗ. ಒಂದು ಲವಂಗ ಬಾಯಿಗೆ ಹಾಕಿಕೊಂಡರೆ ಒಂದು ತಾಸು ಪಾಠ. ಅವರ ಕೈಯಲ್ಲಿ ಛಡಿ ನೋಡಿದವರಿಲ್ಲ. ಆದರೆ ಒಂದು ಅಭ್ಯಾಸವಿತ್ತು: ಆಗಿಹೋದ ಮಾತು ಬಂದಾಗಲೆಲ್ಲ ಬಲಗೈ ಹೆಬ್ಬೆರಳನ್ನು ಭುಜದ ಮೇಲಿಂದ ಬೆನ್ನಹಿಂದೆ ತೋರಿಸುತ್ತಿದ್ದರು. ಅದಕ್ಕೂ ಹಿಂದೆ ಆದದ್ದಾದರೆ ಎರಡು ಸಲ. ಸಂತೆಯಲ್ಲಿ ಬದನೆಕಾಯಿ ಚೌಕಾಸಿ ಮಾಡುವಾಗಲೂ, “ಹೋದ ವಾರ ಇಷ್ಟಕ್ಕ ಕೊಟ್ಟಿದ್ದಿ” ಎಂದು ಹೆಬ್ಬೆರಳು ಹಿಂದೆ ಹೋಗುತ್ತಿತ್ತು. ಕಾಯಿಪಲ್ಯ ಮಾರುವ ಹೆಂಗಸು ಇಣುಕಿ ಅವರ ಬೆನ್ನಹಿಂದೆ ಯಾರಿದ್ದಾರೆಂದು ನೋಡುತ್ತಿದ್ದಳು.

ಇಂಡಿಗೆ ಅವರು ಬಂದದ್ದು ಸಿಂದಗಿಯಿಂದ, ಸಿಂದಗಿಗೆ ಮುದ್ದೇಬಿಹಾಳದಿಂದ. ಎಲ್ಲಿ ಹೋದರೂ ಇಂಗ್ಲಿಷ್ ಪಾಠ ಶುರುವಾಗುತ್ತಿದ್ದದ್ದು ಒಂದೇ ರೀತಿ. ಪುಸ್ತಕ ತೆಗೆಯುವ ಮುಂಚೆ ಒಬ್ಬರು ಎದ್ದುನಿಂತು ನಿನ್ನೆ ಏನಾಯಿತು ಎಂದು ಇಂಗ್ಲಿಷಿನಲ್ಲಿ ಹೇಳಬೇಕು. ತಪ್ಪಿದರೆ ತಿದ್ದುತ್ತಿದ್ದರು, ಅದಕ್ಕೆ ಸಿಟ್ಟಿಲ್ಲ. ಆದರೆ ಹೇಳಿದ್ದು ನಿಜವಾಗಿ ಆಗಿರಬೇಕು. ಸುಳ್ಳು ಹೇಳಿದವನು ಮರುದಿನ ಮತ್ತೆ ನಿಲ್ಲಬೇಕು. ಅನುಮಾನ ಬಂದರೆ ಸೈಕಲ್ ಹತ್ತಿ ಮನೆತನಕ ಹೋಗಿ ಕೇಳಿಕೊಂಡು ಬರುವುದಕ್ಕೂ ಅವರು ಹಿಂದೆಮುಂದೆ ನೋಡುತ್ತಿರಲಿಲ್ಲ.

ಸಿಂದಗಿ ಬಿಟ್ಟ ಕಥೆಯನ್ನು ಅವರೇ ನಗುತ್ತ ಹೇಳುತ್ತಿದ್ದರು. ಇನ್ಸ್‌ಪೆಕ್ಟರ್ ಸಾಹೇಬರು ತಪಾಸಣೆಗೆ ಬಂದು ತರಗತಿಯಲ್ಲಿ ಒಬ್ಬ ಹುಡುಗಿಯನ್ನು ಎಬ್ಬಿಸಿ ಪದ್ಯ ಹೇಳು ಅಂದರಂತೆ. ಆಕೆ ರೂಢಿಯಂತೆ ನಿನ್ನೆ ಆದದ್ದನ್ನು ಹೇಳಿದಳು: ನಿನ್ನೆ ಹೆಡ್‌ಮಾಸ್ತರರು ಶಾಲೆಗೆ ಸುಣ್ಣ ಬಳಿಸಿದರು, ಪಕ್ಕದ ಊರಿನ ಶಾಲೆಯಿಂದ ನಕಾಶೆ ಮತ್ತು ಗ್ಲೋಬು ತರಿಸಿದರು, ಯಾಕೆಂದರೆ ಇಂದು ತಾವು ಬರುವವರಿದ್ದಿರಿ. “ಒಂದೂ ತಪ್ಪಿರಲಿಲ್ಲ ನೋಡ್ರಿ ಆಕಿ ಇಂಗ್ಲಿಷ್‌ನ್ಯಾಗ. ಸಾಹೇಬರು ಶಾಬಾಸ್ ಅಂದ್ರು. ಮುಂದಿನ ತಿಂಗಳ ನನ್ನ ಬದಲಿ ಆತು.” ಹೀಗೆ ಹೇಳುವಾಗ ಅವರ ಮುಖದಲ್ಲಿ ಬೇಸರದ ಗೆರೆಯೂ ಇರುತ್ತಿರಲಿಲ್ಲ. ಶಾಬಾಸ್ ಗಿಟ್ಟಿಸಿದ ಹುಡುಗಿಯ ಬಗ್ಗೆ ಹೆಮ್ಮೆಯೇ ಹೆಚ್ಚು.

ಈಗ ನನ್ನ ವಿಷಯ. ಅದು ಎಪ್ಪತ್ತರ ದಶಕದ ನಡುವಿನ ಮಾತು, ನನಗೆ ಇಪ್ಪತ್ತೆರಡು ವರ್ಷ. ಇಂಡಿಯಿಂದ ಹಲಸಂಗಿ ಕಡೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ಬಾಲವಾಡಿ ನಡೆಸುವ ತಾತ್ಕಾಲಿಕ ಕೆಲಸ ಮಾಡುತ್ತಿದ್ದೆ. ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ಎಸ್ಸೆಸ್ಸೆಲ್ಸಿಯಲ್ಲಿ ಉಳಿದೆಲ್ಲ ವಿಷಯ ಪಾಸಾಗಿ ಇಂಗ್ಲಿಷ್ ಒಂದರಲ್ಲೇ ಮೂರು ಸಲ ಡುಮ್ಕಿ ಹೊಡೆದಿದ್ದೆ. ಬರುವ ಅಕ್ಟೋಬರಿನಲ್ಲಿ ಪಾಸಾದರೆ ಟ್ರೇನಿಂಗಿಗೆ ಸೇರಿ ಶಾಲೆಯಲ್ಲಿ ಕಾಯಂ ಆಗಬಹುದಿತ್ತು. ಇಲ್ಲದಿದ್ದರೆ ಸೊಲ್ಲಾಪುರ.

ಸೊಲ್ಲಾಪುರ ಎಂದರೆ ನನ್ನ ಗಂಡನ ಮನೆ. ಗಂಡ ಅಲ್ಲಿ ಮಿಲ್ಲಿನಲ್ಲಿದ್ದ. ನನ್ನ ಬಗ್ಗೆ ಊರಿಗೆಲ್ಲ ಗೊತ್ತಿದ್ದ ಕಥೆ ಇಷ್ಟು: ಹದಿನೇಳನೇ ವರ್ಷಕ್ಕೆ ಮದುವೆ ಮಾಡಿ ಕಳಿಸಿದರು, ಹುಡುಗಿಗೆ ಚಾಳಿನ ಬಾಳುವೆ ಒಗ್ಗಲಿಲ್ಲ, ನಾಲ್ಕೇ ತಿಂಗಳಿಗೆ ತವರಿಗೆ ಓಡಿಬಂದಳು, ಅವನು ದಾರಿ ಕಾದು ಕಾದು ಇನ್ನೊಬ್ಬಳನ್ನು ಮಾಡಿಕೊಂಡ. ಐದು ವರ್ಷವಾದ ಮೇಲೆ ಈಗ ಅವನ ಕಡೆಯವರು, ಆಕೆಯೂ ಇರಲಿ ಈಕೆಯೂ ಬರಲಿ ಎಂದು ಹೇಳಿಕಳಿಸುತ್ತಿದ್ದರು. ನಮ್ಮ ಓಣಿಯ ಹಿರಿಯರಿಗೆ ಅದು ದೊಡ್ಡ ಮನಸ್ಸಿನ ಮಾತಾಗಿ ಕಂಡಿತ್ತು.

ನನ್ನ ಅಣ್ಣ ಕೆಟ್ಟವನಲ್ಲ. ಅಪ್ಪ ತೀರಿದ ಮೇಲೆ ಲಿಂಬಿ ತೋಟ, ತಾಯಿ, ನಾನು, ಅವನ ಹೆಂಡತಿ ಮಕ್ಕಳು, ಎಲ್ಲ ಅವನ ತಲೆಯ ಮೇಲೆ ಬಂದಿತ್ತು. ಹಿರಿಯರ ಕಾಟ ತಾಳದೆ ಒಂದು ದಿನ ಊಟಕ್ಕೆ ಕುಳಿತಾಗ ಹೇಳಿದ: “ಅಕ್ಟೋಬರ್ ತನಕ ನೋಡೂಣು. ಪಾಸಾದಿ ಅಂದ್ರ ನಿನ್ನ ದಾರಿ ನಿಂದು. ಇಲ್ಲಂದ್ರ ಹಿರ್ಯಾರು ಹೇಳಿದಂಗ ಸೊಲ್ಲಾಪುರಕ್ಕ ಹೋಗಬೇಕು. ನಾ ಎಷ್ಟ ಮಂದೀಗಿ ಜವಾಬು ಕೊಡ್ಲಿ?”

ನಾನು ಆಯಿತು ಅಂದೆ. ಮೂರು ಸಲ ಫೇಲಾದವಳು ಇನ್ನೇನು ಅನ್ನಬೇಕು.

ನಮ್ಮಂಥ ಇಂಗ್ಲಿಷಿನಲ್ಲಿ ಉಳಿದವರಿಗಾಗಿ ಮಾಸ್ತರು ಪ್ರತಿ ರವಿವಾರ ಬೆಳಿಗ್ಗೆ ಶಾಲೆಯ ಪಡಸಾಲೆಯಲ್ಲಿ ಕಲಿಸುತ್ತಾರೆಂದು ತಿಳಿದು ಹೋದೆ. ಅಲ್ಲಿ ಏಳೆಂಟು ಜನ ಇದ್ದರು. ಮುಖ್ಯವಾದವರು ಇಬ್ಬರು. ನಾನು ದಿನಾ ಹತ್ತುವ ಬಸ್ಸಿನ ಕಂಡಕ್ಟರ್, ಮತ್ತು ದವಾಖಾನೆಯ ಕಂಪೌಂಡರ್ ಕಾಕಾ. ಕಾಕಾ ಆಗಲೇ ಐವತ್ತರ ಹತ್ತಿರ, ಮಗ ಎಸ್ಸೆಸ್ಸೆಲ್ಸಿ ಕಟ್ಟುವುದರೊಳಗೆ ತಾನು ಪಾಸಾಗಬೇಕೆಂದು ಹಟ.

ಮೊದಲ ದಿನವೇ ಮಾಸ್ತರು ಎಲ್ಲರ ಗೈಡು ಕೇಳಿ ತೆಗೆದುಕೊಂಡರು. ಒಂದು ಗೋಣಿಚೀಲಕ್ಕೆ ಹಾಕಿ ಬಾಯಿ ಕಟ್ಟಿ ಮೊಳೆಗೆ ತೂಗುಹಾಕಿದರು. “ಪರೀಕ್ಷಾ ಮುಗದ ಮ್ಯಾಲ ಒಯ್ರಿ. ಒಲಿ ಹಚ್ಚಾಕ ಆಗತಾವ” ಅಂದರು. ನನಗೆ ಜೀವವೇ ಹೋದಂತಾಯಿತು. ಆ ಗೈಡಿನ ಇಪ್ಪತ್ತು ಪ್ರಬಂಧ ನನಗೆ ಬಾಯಿಪಾಠ ಇದ್ದವು. ಮೂರು ಸಲವೂ ಅದನ್ನೇ ನಂಬಿ ಹೋಗಿದ್ದೆ. ಪರೀಕ್ಷೆಯ ಗಡಿಬಿಡಿಯಲ್ಲಿ ಒಂದು ಸಾಲು ಮರೆತರೆ ಸಾಕು, ಮುಂದಿನ ಒಂದು ಸಾಲೂ ನೆನಪಾಗದೆ ಪೆನ್ನು ಹಿಡಿದು ಕುಳಿತುಬಿಡುತ್ತಿದ್ದೆ. ಆದರೂ ಗೈಡಿನ ಮೇಲಿನ ನಂಬಿಗೆ ಹೋಗಿರಲಿಲ್ಲ.

ನಂತರ ಕಂಡಕ್ಟರನನ್ನು ಎಬ್ಬಿಸಿ ನಿನ್ನೆ ಏನು ಮಾಡಿದಿ ಎಂದು ಕೇಳಿದರು. ಅವನು ಎದೆಯುಬ್ಬಿಸಿ, “ಯಸ್ಟರ್ಡೇ ಐ ಏಟ್ ಎ ಮ್ಯಾಂಗೋ” ಅಂದ.

“ಈ ಥಂಡ್ಯಾಗ ಮಾವಿನಹಣ್ಣು ಎಲ್ಲಿ ಸಿಕ್ತು ನಿನಗ?”

“ಗೈಡಿನ್ಯಾಗ ಹಂಗೈತ್ರಿ ಸರ್.”

“ಗೈಡು ತಿಂದಿದ್ದು ಗೈಡಿಗಿರಲಿ. ನೀ ಏನ್ ತಿಂದಿ?”

“ರೊಟ್ಟಿ, ಪುಂಡಿಪಲ್ಯಾರಿ. ಪುಂಡಿಪಲ್ಯಾಕ ಇಂಗ್ಲಿಷ್‌ನ್ಯಾಗ ಏನಂತಾರ್ರಿ?”

“ಪುಂಡಿಪಲ್ಯಾ ಅಂತಾರ. ಉಂಡಾಂವ ನೀನು, ಹೆಸರು ಅವರ್ಯಾಕ ಇಡಬೇಕು?”

ಆ ದಿನದಿಂದ ನಮ್ಮ ರವಿವಾರದ ತರಗತಿಯಲ್ಲಿ ಮಾವಿನಹಣ್ಣು, ಸಿಂಹ, ರಾಜಕುಮಾರ ಯಾರೂ ಬರಲಿಲ್ಲ. ರೊಟ್ಟಿ, ಪುಂಡಿಪಲ್ಯ, ಪಂಕ್ಚರ್ ಆದ ಬಸ್ಸು, ದವಾಖಾನೆಯಲ್ಲಿ ಇಂಜೆಕ್ಷನ್ನಿಗೆ ಹೆದರಿ ಗೋಡೆ ಹಾರಿದ ಪೈಲವಾನ, ಇಂಥವೇ ಬಂದವು. ಕಾಕಾ ಎದ್ದುನಿಂತರೆ ಎಲ್ಲರೂ ಕಿವಿ ನಿಮಿರಿಸುತ್ತಿದ್ದೆವು. ಒಂದು ಸಂಗತಿ ಹೇಳಿದ ಮೇಲೆ ಮಾಸ್ತರ ಪ್ರಶ್ನೆ ಯಾವಾಗಲೂ ಎರಡೇ. “ಆಮ್ಯಾಲೇನಾತು?” ಅದು ಒಂದು. “ಇದರಾಗ ಯಾವುದು ಮೊದಲಾತು?” ಅದು ಇನ್ನೊಂದು. ಪೈಲವಾನ ಗೋಡೆ ಹಾರಿದ್ದು ಸೂಜಿ ನೋಡಿದ ಮೇಲೋ, ನೋಡುವುದಕ್ಕೆ ಮುಂಚೆಯೋ ಎಂದು ಕಾಕಾನನ್ನು ಅರ್ಧ ತಾಸು ಹಿಂಡಿದ್ದು ನೆನಪಿದೆ.

ನನ್ನ ಸರದಿ ಬಂದಾಗ ನಾನು ಜಾಣಳಾಗಿದ್ದೆ. ಎದ್ದೆ, ಕಸ ಹೊಡೆದೆ, ಬಸ್ಸು ಹತ್ತಿದೆ, ಮಕ್ಕಳಿಗೆ ಹಾಡು ಕಲಿಸಿದೆ, ಮನೆಗೆ ಬಂದೆ. ಯಾವ ವಾರ ಕೇಳಿದರೂ ಇದೇ. ಸುಳ್ಳಂತೂ ಇರಲಿಲ್ಲ. ಎರಡು ತಿಂಗಳು ಕೇಳಿ ಮಾಸ್ತರು ಒಂದು ದಿನ ಲವಂಗ ಕಡಿಯುತ್ತ ಅಂದರು: “ಅಕ್ಕೋರ, ನಿಮಗ ನಿನ್ನಿ ಒಂದ ಐತೇನು? ಅದಕ್ಕಿಂತ ಹಿಂದ ಏನೂ ಆಗಿಲ್ಲೇನು?” ಬಾಲವಾಡಿ ಕಲಿಸುವವಳೆಂದು ಅವರು ನನ್ನನ್ನು ಅಕ್ಕೋರು ಎಂದೇ ಕರೆಯುತ್ತಿದ್ದರು, ಒಂದು ದಿನವೂ ಏಕವಚನ ಬಳಸಲಿಲ್ಲ. ನಾನು ತಲೆ ತಗ್ಗಿಸಿ ಇಲ್ಲರೀ ಅಂದೆ. ಅವರು ಮುಂದೆ ಕೇಳಲಿಲ್ಲ.

ಪರೀಕ್ಷೆಗೆ ಮೂರು ತಿಂಗಳಿದ್ದಾಗ ಪ್ರಯಾಣದ ಪ್ರಬಂಧ ಬಂತು. ಇಡೀ ತಾಲ್ಲೂಕಿನ ಗೈಡುಗಳಲ್ಲಿ ಇದ್ದದ್ದು ಒಂದೇ ಪ್ರಯಾಣ: ವಿಜಾಪುರಕ್ಕೆ ಹೋಗಿ ಗೋಳಗುಮ್ಮಟ ನೋಡಿ ಬಂದದ್ದು. ಎಲ್ಲರೂ ಅದನ್ನೇ ಗಿಳಿಯಂತೆ ಒಪ್ಪಿಸಿದರು, ಕಂಡಕ್ಟರನೂ ಒಪ್ಪಿಸಿದ.

“ಗುಮ್ಮಟದ ಒಳಗ ಹೋಗೀಯೇನು ನೀನು?”

“ಇಲ್ಲರಿ ಸರ್.”

“ವಾರದಾಗ ಮೂರು ದಿನ ನಿನ್ನ ಡ್ಯೂಟಿ ವಿಜಾಪುರಕ್ಕ ಐತಿ. ಅದರ ಮುಂದ ಹಾದು ಹೋಗ್ತಿ.”

“ಹಾದು ಹೋಗ್ತೇನಿ, ಇಳ್ಯಾಕ ಟೈಮ್ ಇರೂದಿಲ್ರಿ.”

ಕೇಳಿದರೆ ಅಲ್ಲಿದ್ದ ಒಬ್ಬರೂ ಒಳಗೆ ಹೋಗಿರಲಿಲ್ಲ. ಹೋಗದ ಊರಿನ ಪ್ರಬಂಧವನ್ನು ವರ್ಷಗಟ್ಟಲೆ ಬರೆದು ಫೇಲಾಗುತ್ತ ಬಂದಿದ್ದೆವು. ಮಾಸ್ತರು ಬೈಯಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ, “ಹೋಗಿದ್ದು ಹೇಳ್ರಿ. ಎಲ್ಲಿಗ್ಯಾರ ಇರ್ಲಿ. ಹೊಲಕ್ಕ ಹೋಗಿದ್ರ ಹೊಲ” ಎಂದು ನನ್ನ ಕಡೆ ನೋಡಿದರು.

ನನ್ನ ಬಾಳಿನಲ್ಲಿ ಪ್ರಯಾಣವೆಂದು ಇದ್ದದ್ದೇ ಒಂದು. ಸೊಲ್ಲಾಪುರದಿಂದ ಹೊಟಗಿ ಮಾರ್ಗವಾಗಿ ಇಂಡಿ ರೋಡ್ ಸ್ಟೇಷನ್ನಿಗೆ ಬಂದು, ಅಲ್ಲಿಂದ ಟಾಂಗಾದಲ್ಲಿ ಮನೆಗೆ ಬಂದದ್ದು. ಯಾಕೆ ಎದ್ದುನಿಂತೆನೋ ಇವತ್ತಿಗೂ ತಿಳಿಯದು. “ಐ ಕೇಮ್ ಫ್ರಾಮ್ ಸೊಲ್ಲಾಪುರ್ ಬೈ ಟ್ರೇನ್” ಎಂದು ಶುರು ಮಾಡಿದೆ. ಯಾರ ಜೊತೆ ಎಂದು ಕೇಳಿದರು, ಒಬ್ಬಳೇ ಅಂದೆ. ಸ್ಟೇಷನ್ನಿಗೆ ಯಾರು ಬಿಟ್ಟರು ಎಂದು ಕೇಳಿದರು. ಒಬ್ಬ ಹೆಂಗಸು ಅಂದೆ. ಆಮೇಲೇನಾಯಿತು, ಅದಕ್ಕೆ ಮೊದಲೇನಾಯಿತು ಎಂದು ಅವರು ಕೇಳುತ್ತ ಹೋದರು, ನಾನು ಹೇಳುತ್ತ ಹೋದೆ.

ನನ್ನ ಮುರುಕು ಇಂಗ್ಲಿಷನ್ನು ಕನ್ನಡದಲ್ಲಿ ಕೊಡುತ್ತೇನೆ. ನಾನು ಗಂಡನ ಮನೆಗೆ ಹೋದೆ. ಅಲ್ಲಿ ಒಬ್ಬ ಹೆಂಗಸು ಇದ್ದಳು, ಒಂದು ಮಗು ಇತ್ತು. ಅವನು ಆಕೆಗೆ, ಇವಳು ನಮ್ಮೂರ ಕಡೆಯ ಹುಡುಗಿ, ಮನೆಗೆಲಸಕ್ಕೆ ಬಂದಿದ್ದಾಳೆ ಎಂದು ಹೇಳಿದ. ನಾನು ನಾಲ್ಕು ತಿಂಗಳು ಆಕೆಯ ಪಾತ್ರೆ ತೊಳೆದೆ. ಒಂದು ದಿನ ಆಕೆ ನನ್ನ ತಾಳಿ ನೋಡಿ ನಿನ್ನ ಗಂಡ ಯಾರು ಎಂದು ಕೇಳಿದಳು. ನಾನು ಹೇಳಿದೆ. ಆಕೆ ಬಹಳ ಹೊತ್ತು ಅತ್ತಳು. ಮರುದಿನ ಮಗುವನ್ನು ಎತ್ತಿಕೊಂಡು ನನ್ನನ್ನು ಸ್ಟೇಷನ್ನಿಗೆ ಕರೆದುಕೊಂಡು ಹೋಗಿ ಗಾಡಿ ಹತ್ತಿಸಿದಳು.

ಇದನ್ನು ನಾನು ಕನ್ನಡದಲ್ಲಿ ಯಾರಿಗೂ ಹೇಳಿರಲಿಲ್ಲ, ನನ್ನ ತಾಯಿಗೂ ಹೇಳಿರಲಿಲ್ಲ. ಮನೆಗೆ ಬಂದ ದಿನ ಅಪ್ಪ ಹಾಸಿಗೆ ಹಿಡಿದಿದ್ದರು, ಹದಿನೈದು ದಿನಕ್ಕೆ ತೀರಿಕೊಂಡರು. ಅಷ್ಟರೊಳಗೆ ಸೊಲ್ಲಾಪುರದವರ ಕಥೆ ಊರು ಮುಟ್ಟಿತ್ತು. ತಾಯಿ, “ಬಾಯಿ ಮುಚ್ಕೊಂಡಿರವ್ವಾ, ಇಂದಿಲ್ಲ ನಾಳೆ ಕರಿಯಾಕ ಬರ್ತಾರ” ಅಂದಳು. ಗಂಡನ ಮನೆಯಲ್ಲೇ ಆಳಾಗಿ ದುಡಿದೆ ಎಂದು ಹೇಳಲು ನಾಚಿಕೆ, ಸವತಿ ಎಂಬ ಮಾತು ಬಾಯಿಗೆ ತರುವುದು ಅದಕ್ಕಿಂತ ಕಷ್ಟ. ಇಂಗ್ಲಿಷಿನಲ್ಲಿ ನನಗೆ ಆ ಮಾತು ಗೊತ್ತೇ ಇರಲಿಲ್ಲ. ಗೊತ್ತಿದ್ದದ್ದು ವುಮನ್, ಚೈಲ್ಡ್, ವೆಸಲ್ಸ್, ವಾಶ್ಡ್. ಬಾಲವಾಡಿ ಮಕ್ಕಳಿಗೆ ಕಲಿಸುವಂಥ ಸಣ್ಣ ಮಾತುಗಳು. ಅವುಗಳಲ್ಲಿ ಹೇಳಿದಾಗ ನನಗೆ ಅಳು ಬರಲಿಲ್ಲ.

ಮಾಸ್ತರು ಅಯ್ಯೋ ಪಾಪ ಅನ್ನಲಿಲ್ಲ. ತಮ್ಮ ಎಂದಿನ ಪ್ರಶ್ನೆ ಕೇಳಿದರು.

“ಅಕ್ಕೋರ, ಯಾವುದು ಮೊದಲಾತು? ಆ ಹೆಣ್ಣಮಗಳು ಬಂದಿದ್ದೋ, ನೀವು ಬಿಟ್ಟು ಬಂದಿದ್ದೋ?”

“ಆಕಿ ಮೊದಲ್ರಿ ಸರ್. ನಾ ಹೋದಾಗ ಆಕಿ ಕೂಸಿಗಿ ಎರಡು ವರ್ಷ ಆಗಿತ್ತು.”

“ಹಂಗಾದ್ರ ಅದನ್ನ ಹಿಂದಿಡ್ರಿ. ಎಲ್ಲಾದಕ್ಕಿಂತ ಹಿಂದ.” ಹೆಬ್ಬೆರಳು ಎರಡು ಸಲ ಬೆನ್ನಹಿಂದೆ ಹೋಯಿತು. ಆ ಒಂದು ವಾಕ್ಯ ಸರಿಯಾಗುವ ತನಕ ನನ್ನಿಂದ ನಾಲ್ಕು ಸಲ ಹೇಳಿಸಿದರು. ಆಮೇಲೆ ಕಾಕಾನ ಕಡೆ ತಿರುಗಿ ಮುಂದಿನವರು ಹೇಳ್ರಿ ಅಂದರು. ಕಾಕಾ ಕನ್ನಡಕ ಒರೆಸಿಕೊಳ್ಳುತ್ತ, ಇವತ್ತು ನನಗೆ ಆಗುವುದಿಲ್ಲ ಅಂದ.

ತರಗತಿಯಲ್ಲಿ ಹೇಳಿದ್ದು ಹೊರಗೆ ಹೋಗಬಾರದು ಎಂಬುದು ಅಲ್ಲಿನ ಕಟ್ಟುಪಾಡು. ಆದರೆ ಕಂಡಕ್ಟರನ ಬಾಯಿ ಎಂದರೆ ಬಸ್ ಸ್ಟ್ಯಾಂಡಿನ ಬಾಯಿ. ಅವನು ಪೂರಾ ಹೇಳಲಿಲ್ಲ, ಅಕ್ಕೋರು ಮಾಸ್ತರ ಮುಂದೆ ಸೊಲ್ಲಾಪುರದ್ದೆಲ್ಲ ಹೇಳಿದರು ಎಂದು ಡ್ರೈವರನಿಗೆ ಅಂದನಂತೆ. ಮೂರನೇ ದಿನಕ್ಕೆ ಅಣ್ಣನಿಗೆ ಗೊತ್ತಾಯಿತು. ಮನೆಯ ಮರ್ಯಾದೆ ಪಡಸಾಲೆಗೆ ಬಿತ್ತೆಂದು ಅವನಿಗೆ ಕೆಂಡದಂಥ ಸಿಟ್ಟು. ನನ್ನನ್ನೂ ಎಳೆದುಕೊಂಡು ಮಾಸ್ತರ ಮನೆಗೆ ಹೋದ.

ಮಾಸ್ತರು ಬಾವಿಕಟ್ಟೆಯ ಹತ್ತಿರ ತಮ್ಮ ಅಂಗಿ ಒಗೆಯುತ್ತಿದ್ದರು. ಬರ್ರಿ ಕೂಡ್ರಿ ಅಂದರು. ಅಣ್ಣ ಕೂಡಲಿಲ್ಲ.

“ನಮ್ಮ ತಂಗಿ ನಿಮ್ಮ ಮುಂದ ಏನ್ ಹೇಳ್ಯಾಳ್ರಿ?”

“ಇಂಗ್ಲಿಷ್‌ನ್ಯಾಗ ಹೇಳ್ಯಾರ.”

“ನನಗ ಕನ್ನಡದಾಗ ಹೇಳ್ರಿ.”

“ಅದು ನನ್ನ ಮಾತಲ್ಲ, ಅವರ ಮಾತು. ಕನ್ನಡದಾಗ ಹೇಳಬೇಕಂದ್ರ ಅವರ ಹೇಳಬೇಕು. ಕೇಳ್ರಿ, ಇಲ್ಲೇ ನಿಂತಾರಲ್ಲ.”

ಅಣ್ಣ ನನ್ನ ಕಡೆ ತಿರುಗಿದ. ಆದರೆ ಕೇಳಿದ್ದು, “ನಿನಗ ನಾಚಿಕಿ ಬರೂದಿಲ್ಲೇನು?” ಎಂದು. ನಾನು ಬಾವಿಯ ರಾಟೆ ನೋಡುತ್ತ ನಿಂತೆ. ಇನ್ನು ಮುಂದೆ ತರಗತಿಗೆ ಕಾಲಿಡಬೇಡ ಎಂದು ಹೇಳಿ ಅವನು ಹೊರಟ. ಮಾಸ್ತರು ನನಗೆ ಧೈರ್ಯದ ಮಾತೊಂದನ್ನೂ ಹೇಳಲಿಲ್ಲ. ಅಂಗಿ ಹಿಂಡಿ ತಂತಿಗೆ ಹಾಕುತ್ತ, “ಪರೀಕ್ಷಾದ ಫಾರ್ಮ್ ತುಂಬೀರಲ್ಲ?” ಎಂದಷ್ಟೇ ಕೇಳಿದರು. ಆಗ ನನಗೆ ಅವರ ಮೇಲೂ ಸಿಟ್ಟು ಬಂತು.

ಮುಂದಿನ ಸೋಮವಾರ ಬಸ್ಸು ಹತ್ತಿದೆ. ಕಂಡಕ್ಟರ್ ಟಿಕೀಟು ಹರಿಯುವ ಮುಂಚೆ ಚರ್ಮದ ಚೀಲದಿಂದ ಒಂದು ನೋಟ್‌ಬುಕ್ಕು ತೆಗೆದು ಕೊಟ್ಟ. ಮುಖ ಬಾಡಿತ್ತು.

“ಮಾಸ್ತರು ಕೊಟ್ಟಾರ್ರಿ ಅಕ್ಕೋರ. ದಿನಾ ಒಂದು ಪುಟ ಬರದು ನನ್ನ ಕೈಯಾಗ ಕೊಡಬೇಕಂತ. ನಾ ಒಯ್ದು ಮುಟ್ಟಸಬೇಕಂತ, ತಿದ್ದಿದ್ದು ನಾನ ತರಬೇಕಂತ. ಪರೀಕ್ಷಾ ತನಕ. ಮಾತು ಒಯ್ಯಾಂವ ಪುಸ್ತಕಾನೂ ಒಯ್ಲಿ ಅಂದ್ರು.”

ಅವನು ಒಂದು ದಿನವೂ ತಪ್ಪಿಸಲಿಲ್ಲ. ಬೇರೆ ಮಾರ್ಗದ ಡ್ಯೂಟಿ ಬಿದ್ದ ದಿನ ಇನ್ನೊಬ್ಬ ಕಂಡಕ್ಟರನ ಕೈಯಲ್ಲಿ ಆಣೆ ಹಾಕಿಸಿ ಕಳಿಸುತ್ತಿದ್ದ. ನಾನು ಮಕ್ಕಳನ್ನು ಮಲಗಿಸಿ ಮಧ್ಯಾಹ್ನ ಬಾಲವಾಡಿಯಲ್ಲೇ ಕುಳಿತು ಬರೆಯುತ್ತಿದ್ದೆ. ನಿನ್ನೆಯದು ಬರೆದೆ, ಆಮೇಲೆ ಅಪ್ಪನ ಬಗ್ಗೆ ಬರೆದೆ, ಆ ನಾಲ್ಕು ತಿಂಗಳ ಒಂದೊಂದೇ ದಿನ ಬರೆದೆ. ಮಾಸ್ತರು ತಪ್ಪುಗಳನ್ನು ತಿದ್ದಿ ಪುಟದ ಕೊನೆಗೆ ಒಂದೇ ಸಾಲು ಹಾಕುತ್ತಿದ್ದರು: ಆಮೇಲೆ? ಸುಮಾರು ಮೂರು ತಿಂಗಳಲ್ಲಿ ಒಂದು ಸಲವೂ ಸಮಾಧಾನದ ಮಾತು ಬರೆಯಲಿಲ್ಲ. ಬರೆದಿದ್ದರೆ ನಾನು ಅಲ್ಲಿಗೇ ನಿಲ್ಲಿಸಿ ಅಳುತ್ತ ಕೂಡುತ್ತಿದ್ದೆನೆಂದು ಈಗ ಅನ್ನಿಸುತ್ತದೆ.

ಅಕ್ಟೋಬರಿನಲ್ಲಿ ಪರೀಕ್ಷೆಗೆ ಕುಳಿತೆ. ಪ್ರಬಂಧದಲ್ಲಿ, ನೀವು ಮಾಡಿದ ಒಂದು ಪ್ರಯಾಣದ ಬಗ್ಗೆ ಬರೆಯಿರಿ ಎಂದಿತ್ತು. ಸುತ್ತಲಿನ ಪೆನ್ನುಗಳೆಲ್ಲ ಗೋಳಗುಮ್ಮಟಕ್ಕೆ ಹೊರಟವು. ನಾನು ಸೊಲ್ಲಾಪುರದಿಂದ ಹೊರಟೆ. ಆಗಿದ್ದನ್ನು ಬರೆಯುವವರಿಗೆ ಸಾಲು ಮರೆಯುವ ಭಯವಿಲ್ಲ. ಗಂಟೆ ಹೊಡೆದಾಗ ನಾನು ಇಂಡಿ ರೋಡ್ ಸ್ಟೇಷನ್ನಿನಲ್ಲಿ ಇಳಿದು ಟಾಂಗಾ ಹತ್ತಿದ್ದೆ.

ಪಾಸಾದೆ. ನಲವತ್ತೊಂದು ಅಂಕ. ಕಂಡಕ್ಟರ್ ಸರಿಯಾಗಿ ಮೂವತ್ತೈದು ತೆಗೆದು ಅಂಚಿನಲ್ಲಿ ಪಾಸಾದ. ಕಾಕಾ ನಲವತ್ತೆಂಟು ತೆಗೆದು ದವಾಖಾನೆಗೆಲ್ಲ ಪೇಢೆ ಹಂಚಿದ. ಅಣ್ಣ ಅಂದು ಸಂಜೆ ತಾಯಿಗೆ ಹೋಳಿಗೆ ಮಾಡಲು ಹೇಳಿದ. ಇಲ್ಲಿಗೆ ಸೊಲ್ಲಾಪುರ ಮುಗಿಯಿತೆಂದು ನಾನು ತಿಳಿದೆ.

ವಾರದೊಳಗೆ ಗಂಡನ ಚಿಕ್ಕಪ್ಪ ಬಂದ. ಜೊತೆಗೆ ನಮ್ಮ ಓಣಿಯ ಇಬ್ಬರು ಹಿರಿಯರು, ತಟ್ಟೆಯಲ್ಲಿ ಒಂದು ಇಳಕಲ್ಲ ಸೀರೆ. ಪಾಸಾದ ಸುದ್ದಿ ನನಗಿಂತ ಮೊದಲೇ ಅವರನ್ನು ಮುಟ್ಟಿತ್ತೆಂದು ಕಾಣುತ್ತದೆ. “ಚಲೋ ಆತು ಬಿಡ್ರಿ” ಅಂದ ಆ ಚಿಕ್ಕಪ್ಪ, “ಸೊಲ್ಲಾಪುರದಾಗೂ ಕನ್ನಡ ಸಾಲಿ ಅದಾವ. ಕಲತ ಹೆಣ್ಣಮಗಳು ಮನೀಗಿ ಬಂದ್ರ ಯಾರಿಗಿ ಬ್ಯಾಡ? ಹುಡುಗಿ ಬಿಟ್ಟು ಬಂದಿದ್ಲು ಅಂತ ನಮ್ಮ ಹುಡುಗ ಇನ್ನೊಂದು ಮಾಡಿಕೊಂಡ. ತಪ್ಪು ಎರಡೂ ಕಡೆ ಐತಿ.”

ಫೇಲಾಗಿದ್ದರೆ ಕಳಿಸುವುದೆಂದಿತ್ತು, ಪಾಸಾಗಿ ಇನ್ನೂ ಬೇಕಾದವಳಾಗಿದ್ದೆ. ಹಿರಿಯರು ತಲೆ ಆಡಿಸಿದರು. ಅಣ್ಣ ನನಗೆ ಮಾತು ಕೊಟ್ಟದ್ದು ನೆನಪಿದ್ದು ಚಡಪಡಿಸುತ್ತಿದ್ದ. ಕೊನೆಗೆ ಬಾಗಿಲಲ್ಲಿ ನಿಂತ ನನ್ನ ಕಡೆ ನೋಡಿ ಮೆಲ್ಲಗೆ ಅಂದ: “ಅವರ ಅನ್ನೂದರಾಗೂ ಒಂದು ನ್ಯಾಯ ಐತೆಲ್ಲವಾ. ಮೊದಲ ಬಿಟ್ಟು ಬಂದಾಕಿ ನೀನ.”

“ಇಲ್ಲಣ್ಣಾ” ಅಂದೆ. ನನ್ನ ದನಿ ನನಗೇ ಗಟ್ಟಿಯಾಗಿ ಕೇಳಿಸಿತು. “ನಾ ಹೋಗೂದಕ್ಕ ಮೊದಲ ಆಕಿ ಆ ಮನ್ಯಾಗಿದ್ಲು. ಎರಡು ವರ್ಷದ ಕೂಸಿತ್ತು. ಅಂವ ನನ್ನನ್ನ ಕೆಲಸದಾಕಿ ಅಂತ ಹೇಳಿ ಇಟ್ಟುಕೊಂಡಿದ್ದ. ನಾಕು ತಿಂಗಳ ಆಕಿ ಪಾತ್ರಿ ತಿಕ್ಕೀನಿ. ಗೊತ್ತಾದ ಮ್ಯಾಲ ಆಕೀನ ನನ್ನನ್ನ ಗಾಡಿ ಹತ್ತಿಸಿದ್ಲು. ಸುಳ್ಳಾದ್ರ ಈ ಕಾಕಾರು ಹೇಳಲಿ, ಆ ಕೂಸಿಗಿ ಈಗ ಎಷ್ಟು ವರ್ಷ ಅಂತ.”

ಚಿಕ್ಕಪ್ಪ ತಟ್ಟೆಯ ಸೀರೆಯ ಅಂಚು ಸರಿಮಾಡತೊಡಗಿದ. ಹಿರಿಯರಲ್ಲಿ ಒಬ್ಬರು ಅವನನ್ನು, “ಹೇಳ್ರೆಪಾ, ಎಷ್ಟು?” ಎಂದು ಕೇಳಿದರು. ಆಗಲೂ ಅವನು ಹೇಳಲಿಲ್ಲ. ಅಣ್ಣ ಎದ್ದು ತಟ್ಟೆಯನ್ನು ಎತ್ತಿ ಅವನ ಕೈಗೆ ಕೊಟ್ಟು, “ಬಸ್ಸಿಗಿ ಹೊತ್ತಾಗತೈತಿ, ನಡೀರಿ” ಅಂದ.

ಅವರು ಹೋದ ಮೇಲೆ ಅಣ್ಣ ಕಟ್ಟೆಯ ಮೇಲೆ ಬಹಳ ಹೊತ್ತು ಕುಳಿತಿದ್ದ. ತಾಯಿ ಒಳಗೆ ಅಳುತ್ತಿದ್ದಳು.

“ಐದು ವರ್ಷ ಆತು” ಅಂದ, “ನನಗ ಯಾಕ ಹೇಳಲಿಲ್ಲ ನೀನು? ಯಾರೋ ಮಾಸ್ತರಿಗಿ ಹೇಳಿದಿ. ಒಡಹುಟ್ಟಿದಾಂವ, ನನಗ ಹೇಳಲಿಲ್ಲ.”

“ಮುಂದ ಹೆಂಗ, ಮುಂದ ಹೆಂಗ ಅಂತ ಎಲ್ಲಾರೂ ಕೇಳಿದ್ರಿ. ಏನಾತು ಅಂತ ಒಬ್ಬರೂ ಕೇಳಲಿಲ್ಲಣ್ಣಾ. ಅವರು ಕೇಳಿದ್ರು.”

ಅಣ್ಣ ಎದ್ದು ಒಳಗೆ ಹೋದ. ಸಿಟ್ಟು ಬಂತೆಂದುಕೊಂಡೆ. ಕೊಡದಿಂದ ನೀರು ತುಂಬಿಕೊಂಡು ಕುಡಿದ ಸಪ್ಪಳ ಕೇಳಿಸಿತು. ತಾಯಿಯ ಕೈ ಹಿಡಿದು ಕರೆದುಕೊಂಡು ಬಂದು ಕಟ್ಟೆಯ ಮೇಲೆ ಕೂಡಿಸಿ, ತಾನು ನನ್ನೆದುರು ನೆಲದ ಮೇಲೆ ಕುಳಿತ.

“ಏನಾತವಾ?” ಅಂದ. “ಮೊದಲಿಂದ ಹೇಳು.”